ಆರನೇ ಗುಂಡಿ

"ನಾ ಮುಟ್ಟಿಲ್ಲಂದ್ರ ಮುಟ್ಟಿಲ್ರೀ ಬಾಯಾರ! ಎಷ್ಟ್ ಸಲ ಹೇಳೂದು? ಕುಡದಾನ ಅಂತ ಅನುಮಾನ ಇದ್ರ ಹೊಟ್ಟಿ ಕೊಯ್ದು ನೋಡ್ರಿ!"

"ದನಿ ತಗ್ಗಿಸು ಬಾಲಪ್ಪ. ನಿನ್ನ ಹೊಟ್ಟಿ ಕೊಯ್ಲಿಕ್ಕೆ ನಾ ಇಲ್ಲಿ ಕೂತಿಲ್ಲ. ಮಾರ್ಕರ್ ಎಲ್ಲಿ ಹೋತು, ಅಷ್ಟ ಹೇಳು."

"ನನಗೇನ್ ಗೊತ್ರೀ? ಅದನ್ನ ಕಾಯ್ಕೊಂಡು ಕುಂದ್ರಾಕ ನಾ ಏನ್ ನಿಧಿ ಕಾಯೂ ನಾಗಪ್ಪ ಏನು?"

"ಕಾಯ್ಲಿಕ್ಕೇ ಕೂಡಿಸಿದ್ದೆ ನಿನ್ನ! ನಿನ್ನೆ ಸಂಜೀಕೆ ವಿಮಾನ ನಿಲ್ದಾಣಕ್ಕ ಹೊಂಟಾಗ ಕೊಳವಿ ಬರ್ಫದಾಗ ಇತ್ತು. ತಳದಾಗ ಒಂದ ಹನಿ ಇತ್ತು. ಇವತ್ತಿಗೆ ಬೇಕು ಅಂತ ಉಳಿಸಿದ್ದೆ. ಈಗ ನೋಡು, ಕೊಳವಿ ಖಾಲಿ. ಆ ಹನಿ ಎಲ್ಲಿ ಬಂದು ಕೂತದ ಅಂತೀ? ಆರನೇ ಗುಂಡ್ಯಾಗ! ನಾನು ಬೇಕಂತ ಖಾಲಿ ಬಿಟ್ಟ ಗುಂಡ್ಯಾಗ!"

ಡಾಕ್ಟರ್ ಹುಯಿಲಗೋಳ ಬಾಯಿಯವರು ಫೋಟೋವನ್ನು ಮೇಜಿಗೆ ಬಡಿದರು. ಬಾಲಪ್ಪ ಅದನ್ನು ನೋಡಲಿಲ್ಲ. ಬೆಳಿಗ್ಗೆ ಅವರ ಹೆಗಲ ಮೇಲಿಂದ ಒಮ್ಮೆ ಕದ್ದು ನೋಡಿದ್ದೇ ಸಾಕಾಗಿತ್ತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೀರುಗಳು; ಎಡತುದಿಯಲ್ಲಿ ಒಂದು ಏಣಿ, ನಟ್ಟನಡುವೆ ಇನ್ನೊಂದು ಏಣಿ. ಎಡತುದಿಯದು ಬಾಯಿಯವರು ಹಾಕಿದ್ದು, ಒಂದು ಕಡೆ ವಾಲಿ, ಮೆಟ್ಟಿಲುಗಳ ಅಂಚು ಕದಡಿತ್ತು. ನಡುವಿನದರ ಒಂದೊಂದು ಮೆಟ್ಟಿಲೂ ದಾರ ಹಿಡಿದು ಎಳೆದ ಹಾಗೆ ನೆಟ್ಟಗಿತ್ತು. ಇನ್ನೊಮ್ಮೆ ನೋಡಿದರೆ ಮುಖದಲ್ಲಿ ಹೆಮ್ಮೆ ಕಾಣಿಸಿಬಿಟ್ಟೀತೆಂದು ಅವನಿಗೆ ದಿಗಿಲು. ತಪ್ಪು ಮಾಡಿದವನು ತಪ್ಪಿಗೆ ಹೆದರಬೇಕು. ಅವನು ಹೆದರುತ್ತಿದ್ದದ್ದು ತನ್ನ ಮುಖಕ್ಕೆ. ಬಂದರಿನ ರಸ್ತೆಯ ಈ ಮೀನು ಸಂಶೋಧನಾ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಅವನ ಕೆಲಸ ಗಾಜು ತೊಳೆಯುವುದು, ಪುಡಿ ಕುದಿಸುವುದು, ಸ್ವಿಚ್ ಹಾಕುವುದು. ಪುಡಿಯನ್ನು ಕುದಿಸಿ ತಟ್ಟೆಗೆ ಸುರಿದು, ಅದು ಗಟ್ಟಿಯಾಗುವ ಮೊದಲು ಒಂದು ಬಾಚಣಿಗೆ ನಿಲ್ಲಿಸಿ, ಆಮೇಲೆ ಕಿತ್ತರೆ ಸಾಲಾಗಿ ಹತ್ತು ಗುಂಡಿ ಮೂಡುತ್ತವೆ. ಗುಂಡಿಗೆ ಮೀನಿನ ಡಿಎನ್‌ಎ ಬಿಟ್ಟು, ಉಪ್ಪುನೀರಿನ ತೊಟ್ಟಿಯಲ್ಲಿಟ್ಟು ಕರೆಂಟು ಕೊಟ್ಟರೆ ಅದು ಕಪ್ಪು ತಂತಿಯ ಕಡೆಯಿಂದ ಕೆಂಪು ತಂತಿಯ ಕಡೆಗೆ ತೆವಳುತ್ತದೆ. ಸಣ್ಣ ತುಂಡು ಮುಂದೆ, ದೊಡ್ಡ ತುಂಡು ಹಿಂದೆ. ಯಾವುದು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಪಕ್ಕದ ಸಾಲಿನಲ್ಲಿ ಅಳತೆ ಗೊತ್ತಿದ್ದ ತುಂಡುಗಳೂ ಓಡಬೇಕು. ಅದೇ ಮಾರ್ಕರ್; ಫೋಟೋದಲ್ಲಿ ಏಣಿಯ ಹಾಗೆ ಕಾಣುವುದು ಅದೇ. ಬಾಲಪ್ಪ ಅದಕ್ಕೆ ಅಳತಿನೀರು ಅನ್ನುತ್ತಿದ್ದ. ಹೊರದೇಶದಿಂದ ಬರ್ಫದಲ್ಲಿ ಹುಗಿದು ತರಿಸಬೇಕಾದ, ಕಿರುಬೆರಳಿನ ಉಗುರಿನಷ್ಟು ನೀರು. ಅದು ಮುಗಿದರೆ ಮೀನುಗಳು ಓಡುತ್ತವೆ, ಯಾವುದು ಎಷ್ಟುದ್ದ ಎಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮುಂಬಯಿಯ ದೊಡ್ಡ ಸಾಹೇಬರೊಬ್ಬರು ಅದನ್ನೇ ನೋಡಲು ಬರುವವರಿದ್ದರು. ಬಾಯಿಯವರು ನಿನ್ನೆ ಸಂಜೆ ಅವರನ್ನು ಕರೆತರಲು ದಾಬೋಳಿ ವಿಮಾನ ನಿಲ್ದಾಣಕ್ಕೆ ಓಡುವಾಗ ತಾವೇ ಗುಂಡಿಗಳನ್ನು ತುಂಬಿ, "ಬರೇ ಸ್ವಿಚ್ ಹಾಕು, ಮತ್ತೇನೂ ಮುಟ್ಟಬ್ಯಾಡ" ಎಂದು ಹೇಳಿ ಹೋಗಿದ್ದರು.

ಮುಟ್ಟಿದ್ದ. ಅದನ್ನು ಒಪ್ಪಿಕೊಳ್ಳುವುದು ದೊಡ್ಡ ಮಾತಾಗಿರಲಿಲ್ಲ. ಬಾಯಿಯವರ ಸಿಟ್ಟು ಹಾಲಿನ ನೊರೆಯ ಹಾಗೆ, ಉಕ್ಕಿ ಇಳಿಯುತ್ತಿತ್ತು. ಕಳ್ಳ ಎಂದರೂ ಅವನು ತಡೆದುಕೊಳ್ಳುತ್ತಿದ್ದ. ಕಳ್ಳತನಕ್ಕೆ ಒಂದು ಮರ್ಯಾದೆ ಇದೆ, ಅದಕ್ಕೆ ಬುದ್ಧಿ ಬೇಕು. ಆದರೆ "ಯಾಕೆ ಹಾಕಿದೆ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೇ ಅವನು ಹೆದರಿದ್ದು. ಅವನ ಮನೆಯಿದ್ದ ಮಂಗೋರ್ ಹಿಲ್ ಗುಡ್ಡದಲ್ಲಿ ಅವನನ್ನು ಎಲ್ಲರೂ ಸೈನ್ಸ್ ಬಾಲಪ್ಪ ಎಂದೇ ಕರೆಯುವುದು. ಒಬ್ಬಿಬ್ಬರು ಹಾಸ್ಯಕ್ಕೆ ಕರೆದದ್ದನ್ನು ಅವನೇ ಕೈಹಿಡಿದು ನಡೆಸಿ ದೊಡ್ಡದು ಮಾಡಿದ್ದ. ಪಕ್ಕದ ಹೀರಪ್ಪ ಬಾಗಿಲಿಗೆ ಕಟ್ಟಿದ ಲಿಂಬೆ-ಮೆಣಸಿನಕಾಯಿಯನ್ನು ಕಿತ್ತು, ಅದೇ ಲಿಂಬೆಯನ್ನು ಹಿಂಡಿ ಪಾನಕ ಮಾಡಿಸಿ ಹೀರಪ್ಪನಿಗೇ ಕುಡಿಸಿದವನು. ಹೋದ ವರ್ಷ ಗಣಪತಿ ಹಾಲು ಕುಡಿಯುತ್ತಾನೆಂದು ಇಡೀ ಗುಡ್ಡ ಚಮಚ ಹಿಡಿದು ಸಾಲು ನಿಂತಾಗ, ಬಾಯಿಯವರಿಂದ ಕೇಳಿಕೊಂಡು ಬಂದ ಮಾತನ್ನು ಗುಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದ: "ಅದು ಸರ್ಫೇಸ್ ಟೆನ್ಶನ್ ರೀ, ಟೆನ್ಶನ್!" ಸಾಲಿನಲ್ಲಿದ್ದ ಗಂಗೀಬಾಯಿ ಚಮಚ ಕೆಳಗಿಳಿಸದೆ ಕೇಳಿದ್ದಳು: "ಟೆನ್ಶನ್ ಇದ್ರ ಹಾಲ್ ಕುಡೀಲಿ ಬಿಡೋ, ನಿಂದೇನ್ ಹೋಗ್ತೈತಿ?" ಎಲ್ಲರೂ ನಕ್ಕರು. ಆ ನಗು ಇನ್ನೂ ಅವನ ಕಿವಿಯ ಹಿಂದೆ ಮೆತ್ತಿಕೊಂಡಿತ್ತು. ಅದರ ಮರುತಿಂಗಳ ಸೂರ್ಯಗ್ರಹಣದಲ್ಲಿ ಸೇಡು ತೀರಿಸಿಕೊಳ್ಳಲು ಗ್ರಹಣ ಹಿಡಿದ ಹೊತ್ತಿಗೆ ಸರಿಯಾಗಿ ಓಣಿಯ ನಡುವೆ ನಿಂತು ಹನ್ನೊಂದು ಮಿರ್ಚಿ ಭಜಿ ತಿಂದ. ಎರಡು ದಿನ ಚೊಂಬು ಹಿಡಿದು ಓಡಾಡಬೇಕಾಯಿತು. ಎಣ್ಣೆ ಕೆಟ್ಟದ್ದಿತ್ತು ಎಂದು ಮನೆಮನೆಗೆ ಹೋಗಿ ಹೇಳಿ ಬಂದ. ಯಾರೂ ಕೇಳಿರಲಿಲ್ಲ.

ಅಂಥವನು ನಿನ್ನೆ ಸಂಜೆ ನಾಲ್ಕೂವರೆಗೆ ತೊಟ್ಟಿಯ ಮುಂದೆ ಒಬ್ಬನೇ ನಿಂತಿದ್ದ. ಆಗಷ್ಟೇ ಆಸ್ಪತ್ರೆಯಿಂದ ಹೆಂಡತಿ ಬಾಳಮ್ಮ ಫೋನು ಮಾಡಿದ್ದಳು. ಮಗಳು ನೀಲವ್ವನನ್ನು ಹೆರಿಗೆಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ, ಕೂಸು ಅಡ್ಡ ತಿರುಗಿದೆ, ಡಾಕ್ಟರರು ಏನೂ ಹೇಳುತ್ತಿಲ್ಲ. "ಬರ್ಲೇನು?" ಅಂದ. "ನೀ ಬಂದು ಡಾಕ್ಟರಗ ಬುದ್ಧಿ ಹೇಳೂದು ಬ್ಯಾಡ, ಅಲ್ಲೇ ಇರು" ಎಂದು ಅವಳು ಫೋನಿಟ್ಟಳು. ಅವನು ಸ್ವಿಚ್ಚಿಗೆ ಕೈ ಹಾಕಿದಾಗ ಕಣ್ಣಿಗೆ ಬಿದ್ದದ್ದು ಆ ಸಾಲು. ಒಂದರಲ್ಲಿ ಅಳತಿನೀರು, ಎರಡರಿಂದ ಐದರವರೆಗೆ ಬಾಯ್ನಾ ದಂಡೆಯ ಬಂಗಡೆ, ಏಳರಿಂದ ಹತ್ತರವರೆಗೆ ಮ್ಹಾಪಸಾ ಸಂತೆಯ ಬಂಗಡೆ. ಒಂಬತ್ತು ಗುಂಡಿಗಳಲ್ಲಿ ನೀಲಿ ಬಣ್ಣ ಕೂತಿತ್ತು, ನಡುವೆ ಆರನೆಯದು ಬಾಯಿ ತೆರೆದುಕೊಂಡು ಖಾಲಿ. ಎರಡು ಗುಂಪು ಬೇರೆ ಕಾಣಲೆಂದು ಬಾಯಿಯವರು ಬಿಟ್ಟದ್ದು, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಕೈ ಸ್ವಿಚ್ಚನ್ನು ಒತ್ತಲಿಲ್ಲ. ಹಿಂದೊಮ್ಮೆ ಊರಿನ ಎರೆಹೊಲದಲ್ಲಿ ಅವ್ವ ಸಾವಂತ್ರೆವ್ವ ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳ ಬಿಡುತ್ತಿದ್ದಳು, ಹಿಂದೆ ಬಿದಿರಿನ ಕೊಳವೆ ಹಿಡಿದು ತೊಗರಿಯ ಸಾಲು ಬಿಡುವವನು ಅವನು, ಹನ್ನೊಂದು ವರ್ಷದವನು. ಮೇಲೆ ಒಂದು ವಿಮಾನ ಹೋಯಿತು. ಅವನು ಹುಟ್ಟಿದ ಮೇಲೆ ನೋಡಿದ ಮೊದಲ ವಿಮಾನ. ಬಾಯಿ ಕಳೆದು ನೋಡುತ್ತ ನಡೆದ, ಮುಷ್ಟಿ ಬಿಗಿಯಾಗೇ ಉಳಿಯಿತು. ಹತ್ತು ದಿನದ ಮೇಲೆ ಮೊಳಕೆ ಬಂದಾಗ ಹೊಲದ ನಟ್ಟನಡುವೆ ಒಂದು ಸಾಲು ಬೋಳು. ಬಿತ್ತದೆ ಬಿಟ್ಟ ಸಾಲು ಮನೆಯಲ್ಲೊಬ್ಬರನ್ನು ಕರೆದುಕೊಂಡು ಹೋಗುತ್ತದೆ ಎಂದು ಅವ್ವ ಹೊಲದಲ್ಲೇ ಕೂತು ಅತ್ತಳು. ಅದೇ ವಾರ ಅಜ್ಜ, ಅವನ ಮುತ್ಯಾ, ಸತ್ತ. ಮುತ್ಯಾನಿಗೆ ಎಂಬತ್ತೊಂಬತ್ತು, ಆರು ವರ್ಷದಿಂದ ಸಾಯುತ್ತಲೇ ಇದ್ದವನು, ಬಾಯಿಗೆ ನೀರು ಬಿಡಲು ಮೂರು ಸಲ ಬೀಗರನ್ನು ಕರೆಸಿ ಮೂರು ಸಲವೂ ಎದ್ದು ಕೂತು ರೊಟ್ಟಿ ಕೇಳಿದವನು. ಆದರೂ ಊರವರು ಬಾಲಪ್ಪನನ್ನೇ ನೋಡಿದರು. ಶಾಲೆಯಲ್ಲಿ ಹುಡುಗರು ಅವನ ಪಕ್ಕ ಕೂರುವ ಮೊದಲು "ನಮ್ಮನಿ ಸಾಲೆಲ್ಲಾ ತುಂಬೇವಪಾ" ಎಂದು ಹೇಳಿ ಕೂರುತ್ತಿದ್ದರು.

ಕೊಳವೆಯ ತಳದ ಹನಿಯನ್ನು ಎತ್ತಿ ಆರನೇ ಗುಂಡಿಗೆ ಬಿಟ್ಟ. ಕೇಂದ್ರದಲ್ಲಿ ಯಾರಿಗೂ ತಿಳಿಯದ ಹಾಗೆ ಒಂದು ವರ್ಷ ಅಭ್ಯಾಸ ಮಾಡಿದ ಕೈ ಅದು. ಮನೆಯಲ್ಲಿ ಚೈನಾ ಗ್ರಾಸ್ ಕುದಿಸಿ ಊಟದ ತಟ್ಟೆಗೆ ಸುರಿದು, ಬಾಳಮ್ಮನ ಬಾಚಣಿಗೆಯಲ್ಲಿ ಒಂದು ಬಿಟ್ಟು ಒಂದು ಹಲ್ಲು ಮುರಿದು ನಿಲ್ಲಿಸಿ, ಬಟ್ಟೆಯ ನೀಲಿಯಲ್ಲಿ ಸಕ್ಕರೆ ಕಲಸಿ, ಕಣ್ಣಿನ ಔಷಧಿಯ ಪಿಚಕಾರಿಯಿಂದ ಗುಂಡಿಗೆ ಇಳಿಸುತ್ತಿದ್ದ. "ನಲವತ್ತೆಂಟ್ ವರ್ಷದ ಗಂಡಸು ಮನಿ ಆಟ ಆಡಾಕತ್ತೈತಿ" ಎಂದು ಬಾಳಮ್ಮ ಗೋಡೆಗೆ ಹೇಳುತ್ತಿದ್ದಳು. ಬಾಯಿಯವರು ಒಂದು ದಿನವಾದರೂ "ಬಾಲಪ್ಪ, ನೀನೂ ಒಂದು ಗುಂಡಿ ಹಾಕು" ಅನ್ನುತ್ತಾರೆ ಎಂದು ಕಾದದ್ದು ಒಂಬತ್ತು ವರ್ಷ. ಅವರು ಅಂದಿರಲಿಲ್ಲ. ಕೊನೆಗೆ ಹಾಕಿದ ಗುಂಡಿಯೂ ಹೇಳಿಕೊಳ್ಳಲಾಗದ ಗುಂಡಿಯಾಯಿತು. ಹಾಕಿ ಸ್ವಿಚ್ ಒತ್ತಿ ತಿರುಗಿದಾಗ ಬಾಗಿಲ ಸಂದಿಯಲ್ಲಿ ನೆಲ ಒರೆಸುವ ಕೋಲಿನ ತುದಿ, ಎರಡು ಕಾಲುಂಗುರದ ಬೆರಳು ಕಂಡವು. ಕೋಲು ಸರಿದು ಹೋಯಿತು. ಕಸಗುಡಿಸುವ ದುರ್ಗಾಬಾಯಿ ಎಷ್ಟು ನೋಡಿದಳೋ, ಏನು ಕೇಳಿದಳೋ. ರಾತ್ರಿ ಎಂಟಕ್ಕೆ ನೀಲವ್ವ ಹಡೆದಳು. ಹೆಣ್ಣು ಕೂಸು, ಕೂಸು ತಾನೇ ತಿರುಗಿಕೊಂಡಿತಂತೆ, ಇಬ್ಬರೂ ಚಲೋ. ಬಾಲಪ್ಪನಿಗೆ ಸಂತೋಷದಿಂದ ಕಣ್ಣು ತುಂಬಿದವು, ಜೊತೆಗೇ ಕೆಟ್ಟ ಸಿಟ್ಟೂ ಬಂತು. ಕೂಸು ಸುಮ್ಮನೆ ತಿರುಗಿದ್ದರೆ ಸೈ. ಗುಂಡಿ ತುಂಬಿದ್ದಕ್ಕೆ ತಿರುಗಿದ್ದರೆ ಹೀರಪ್ಪನಿಗೆ ಅವನ ಲಿಂಬೆಹಣ್ಣು ವಾಪಸು ಕೊಡಬೇಕಾಗುತ್ತದೆ.

"ನೀ ಅಲ್ಲಂದ್ರ ಮತ್ಯಾರು?" ಬಾಯಿಯವರು ಕನ್ನಡಕ ತೆಗೆದು ಒರೆಸಿದರು. "ನಿನ್ನೆ ಸಂಜೀಕೆ ಇಲ್ಲಿ ಇದ್ದವರು ನೀನು, ದುರ್ಗಾಬಾಯಿ. ಹೋದ ತಿಂಗಳ ಅಕಿ ತೊಟ್ಟಿ ಹೊಲಸಾಗೇದಂತ ನೀರೆಲ್ಲಾ ಚೆಲ್ಲಿ, ತಿಕ್ಕಿ ತೊಳದು, ಬಿಸಲಿಗೆ ಬ್ಯಾರೆ ಇಟ್ಟಿದ್ದಳು. ಕರಿ ಅಕಿನ್ನ."

ಕರೆಯುವುದು ಬೇಕಾಗಲಿಲ್ಲ. ದುರ್ಗಾಬಾಯಿ ಬಾಗಿಲಲ್ಲೇ ಇದ್ದಳು. ಬಾಯ್ನಾದ ಗುಡಿಸಲಿನಿಂದ ನಸುಕಿನಲ್ಲೇ ನಡೆದು ಬರುವ, ಲಂಬಾಣಿ ತಾಂಡಾದ ಹೆಂಗಸು. ಕಾಲ್ಗಡಗ ಮಾತ್ರ ಬಿಟ್ಟು ಬರುತ್ತಾಳೆ, ಸದ್ದಾಗುತ್ತದೆ ಎಂದು ಬಾಯಿಯವರು ಬೈದ ಮೇಲೆ.

"ನನಗ್ಯಾಕ್ ಬೇಕ್ರಿ ಬಾಯಾರ ನಿಮ್ಮ ನೀಲಿ ನೀರು? ಹಚ್ಕೊಂಡ್ರ ಬೆಳ್ಳಗ ಆಗ್ತೇನೇನು?"

"ಹಂಗಾದ್ರ ಗುಂಡ್ಯಾಗ ಹ್ಯಾಂಗ ಹೋತು? ತಾನs ಜಿಗದು ಹೋತೇನು?"

"ಯಾರ್ ಹಾಕ್ಯಾರ ಅಂತ ದೇವರಿಗೆ ಗೊತ್ರಿ." ಅವಳು ಕೋಲಿನ ಮೇಲೆ ಗದ್ದ ಊರಿ ಬಾಲಪ್ಪನನ್ನು ನೋಡಿದಳು. "ಇನ್ನೊಬ್ಬರಿಗೂ ಗೊತ್ತು. ಬಾಯಿ ಐತಿ, ಹೇಳ್ತಾರೇಳ್ರಿ."

ಬಾಲಪ್ಪ ಕಿಟಕಿಯ ಹೊರಗೆ ನೋಡಿದ. ಅದಿರಿನ ಲಾರಿಯೊಂದು ಕೆಂಪು ಧೂಳು ಎಬ್ಬಿಸಿಕೊಂಡು ಹೋಗುತ್ತಿತ್ತು. ಈಗ ಹೇಳಬೇಕು ಅಂದುಕೊಂಡ. ಲಾರಿ ತಿರುವು ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ. ಲಾರಿ ತಿರುವು ದಾಟಿತು. ಅದರ ಹಿಂದೆ ಇನ್ನೊಂದು ಬಂತು.

"ಸಾಕು," ಅಂದರು ಬಾಯಿಯವರು. "ದುರ್ಗಾಬಾಯಿ, ಇವತ್ತಿನ ಕೆಲಸಾ ಮುಗಿಸು. ನಾಳಿಂದ ಬರಬ್ಯಾಡ."

ದುರ್ಗಾಬಾಯಿ ಕೋಲನ್ನು ಬಗಲಿಗೆ ಸಿಕ್ಕಿಸಿದಳು. ಬಾಲಪ್ಪನನ್ನು ಇನ್ನಷ್ಟು ಹೊತ್ತು ನೋಡಿದಳು, ಮೀನಿನವನ ತಕ್ಕಡಿಯ ಮುಳ್ಳನ್ನು ನೋಡುವ ಹಾಗೆ. ಆಮೇಲೆ ಬಕೆಟ್ ಎತ್ತಿಕೊಂಡು ಮೊಗಸಾಲೆಗೆ ಹೋದಳು. ಒದ್ದೆ ಬಟ್ಟೆ ನೆಲಕ್ಕೆ ಬೀಳುವ ಸದ್ದು ಪ್ರತಿ ಸಲವೂ ಅವನ ಕೆನ್ನೆಗೆ ಬಿದ್ದ ಹಾಗೆ ಕೇಳಿಸಿತು. ಅವನು ಗಾಜಿನ ಲೋಟಗಳನ್ನು ತೊಳೆದ, ತೊಳೆದವನ್ನೇ ಮತ್ತೆ ತೊಳೆದ. ಅವಳಿಗೆ ಬೇರೆ ಕೆಲಸ ಸಿಗುತ್ತದೆ. ಗುಡಿಸುವ ಕೆಲಸ ಎಲ್ಲಿ ಇಲ್ಲ? ತನಗಾದರೆ ಸೈನ್ಸು ಇನ್ನೆಲ್ಲಿ ಸಿಗುತ್ತದೆ? ಎಷ್ಟು ಹೊಲಸು ವಿಚಾರ ಇದು ಎಂದು ಅನ್ನಿಸಿತು, ಅನ್ನಿಸಿದ ಮೇಲೂ ಅದು ಹೊರಗೆ ಹೋಗದೆ ಒಳಗೇ ಕಾಲು ಚಾಚಿ ಕೂತಿತು. ಸಂಜೆ ಮನೆಗೆ ಹೋಗುವ ಮೊದಲು ಹೇಳಿಬಿಡುತ್ತೇನೆ. ಮುಂಬಯಿಯ ಸಾಹೇಬರು ಹೋದ ಮೇಲೆ. ಬಾಯಿಯವರು ಒಬ್ಬರೇ ಇದ್ದಾಗ, ಬೇರೆ ಏನಾದರೂ ಕಾರಣ ಹೊಂದಿಸಿ. ಕೈ ಜಾರಿತು ಅಂದರೆ? ಆದರೆ ಕೈ ಜಾರಿದವನ ಏಣಿ ಅಷ್ಟು ನೆಟ್ಟಗೆ ಬರುವುದಿಲ್ಲ. ಜಾರಿತು ಎಂದು ಹೇಳಲು ಅವನಿಗೆ ಮನಸ್ಸೂ ಬರಲಿಲ್ಲ.

ಮೂರಕ್ಕೆ ಸಾಹೇಬರು ಬಂದರು. ದಪ್ಪಗೆ, ಖುಷಿಯಾಗಿದ್ದ ಮನುಷ್ಯ. ಕೈಯಲ್ಲಿದ್ದ ಥರ್ಮಾಸು ತೆರೆದು ಒಂದು ಪುಟ್ಟ ಕೊಳವೆ ತೆಗೆದು ಬಾಯಿಯವರಿಗೆ ಕೊಟ್ಟರು. ಹೊಸ ಮಾರ್ಕರ್, ಎಲ್ಲಿಗೆ ಹೋದರೂ ಒಂದು ಹಿಡಿದುಕೊಂಡೇ ಹೋಗುತ್ತೇನೆ ಎಂದರು. ಬಾಯಿಯವರು ಅದನ್ನು ಬರ್ಫದಲ್ಲಿ ಹುಗಿದರು. ಬೆಳಗಿನಿಂದ ನಡೆದ ಜಗಳವೆಲ್ಲ ಯಾತಕ್ಕೂ ಬೇಡದ ಸಾಮಾನಿನ ಹಾಗೆ ಕೋಣೆಯ ನಡುವೆ ಬಿದ್ದುಕೊಂಡಿತು. ಸಾಹೇಬರು ಫೋಟೋ ಎತ್ತಿಕೊಂಡು ಬೆಳಕಿಗೆ ಹಿಡಿದರು. ಮೀನುಗಳನ್ನು ನೋಡಿ ತಲೆ ಆಡಿಸಿದರು. ಆಮೇಲೆ ಅವರ ಬೆರಳು ನಡುವಿನ ಏಣಿಯ ಮೇಲೆ ನಿಂತಿತು.

"ವಾಹ್! ಯೇ ಬೀಚ್‌ವಾಲಾ ಕಿಸ್‌ನೇ ಡಾಲಾ?"

ನಡುವಿನದನ್ನು ಹಾಕಿದವರು ಯಾರು ಎಂಬ ಪ್ರಶ್ನೆಗೆ ಬಾಯಿಯವರ ಮುಖ ಕೆಂಪಾಯಿತು. ನಮ್ಮ ಗುಡಿಸುವವಳದೇ ಏನೋ ಅವಾಂತರ ಎಂದು ಗೊಣಗಿದರು. ಸಾಹೇಬರ ಹುಬ್ಬು ಹಣೆಗೇರಿತು. ಗುಡಿಸುವವಳೇ? ಮುಂಬಯಿಯಲ್ಲಿ ಎರಡು ವರ್ಷ ಕಲಿತ ಹುಡುಗರಿಗೆ ಇಷ್ಟು ಚೊಕ್ಕ ಹಾಕಲು ಬರುವುದಿಲ್ಲ, ಕರೆಯಿರಿ ಅವಳನ್ನು! ದುರ್ಗಾಬಾಯಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಸಾಹೇಬರು ಹನಿ ಎತ್ತುವ ಪಿಪೆಟ್ಟನ್ನು ತಾವೇ ಅವಳ ಕೈಗಿಟ್ಟರು. "ಡಾಲೋ, ಡಾಲೋ. ಡರೋ ಮತ್." ಹೆದರದೆ ಹಾಕು ಎಂದರು. ಅವಳಿಗೆ ಕಲಿಸಬೇಕು, ಇಂಥ ಕೈಯನ್ನು ಪೊರಕೆಗೆ ಹಚ್ಚಿದ್ದೀರಲ್ಲ, ಎಂದು ಬಾಯಿಯವರನ್ನೇ ಗದರಿಸಿದರು. ದುರ್ಗಾಬಾಯಿ ಪಿಪೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು, ತುದಿಯನ್ನು ಮೂಸಿದಳು, ಬಾಲಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಅವಳ ಕೆಲಸ ಹೋಗುವುದನ್ನು ನೋಡಿಯೂ ಬೆಳಗಿನಿಂದ ಅವನು ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಶಾಬಾಸ್‌ಗಿರಿ ಸಿಗುವುದನ್ನು ಒಂದು ನಿಮಿಷವೂ ನೋಡಲಾಗಲಿಲ್ಲ.

"ಅಕಿಗೇನ್ ಬರ್ತೈತ್ರೀ, ಮಣ್ಣು? ಅದು ನಂದು! ಆರನೇ ಗುಂಡಿ ನಾ ಹಾಕಿದ್ದು!"

ಹೇಳಿದ ಮೇಲೆ ಅವನಿಗೇ ಕೇಳಿಸಿತು.

"ಅಂದ್ರ ಮುಂಜಾನಿಂದ ಸುಳ್ಳ ಹೇಳ್ಲಿಕ್ಕತ್ತಿದ್ದಿ?" ಬಾಯಿಯವರ ದನಿ ಸಣ್ಣದಾಯಿತು. "ಅಕಿನ್ನ ತಗದು ಹಾಕಿದಾಗೂ ಸುಮ್ಮನ ನಿಂತಿದ್ದಿ?"

ಸಾಹೇಬರು ಕೈಯೆತ್ತಿ ತಡೆದರು. ಅವರಿಗೆ ಅದಾವುದೂ ಬೇಕಾಗಿರಲಿಲ್ಲ. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಕೇಳಿದರು: ನಡುವೆ ಹಾಕಿದ್ದು ಯಾಕೆ? ತುದಿಯ ಮಾರ್ಕರಿನಿಂದ ಹತ್ತನೇ ಸಾಲಿನ ಮೀನು ದೂರವಾಗುತ್ತದೆ, ಅಳತೆ ಹೆಚ್ಚುಕಡಿಮೆ ಬರುತ್ತದೆ. ನಡುವೆ ಇನ್ನೊಂದಿದ್ದರೆ ಎರಡೂ ಗುಂಪಿಗೆ ಹತ್ತಿರ. ಅದನ್ನು ವಿಚಾರ ಮಾಡಿ ಹಾಕಿದೆಯಾ? ಬಾಯಿಯವರು ಫೋಟೋವನ್ನು ಮತ್ತೆ ನೋಡಿದರು, ಬಾಲಪ್ಪನನ್ನು ನೋಡಿದರು. ಅವರ ಮುಖದ ಮೇಲೆ ಒಂಬತ್ತು ವರ್ಷದಲ್ಲಿ ಅವನು ಕಾಣದ ಒಂದು ಬೆಳಕು ಬಂತು. "ಹೌದೇನು ಬಾಲಪ್ಪ? ಹಂಗ ವಿಚಾರ ಮಾಡಿ ಹಾಕಿದ್ರೇನು?" ಹಾಕಿದ್ರೇನು. ಮೊದಲ ಸಲ ಬಹುವಚನ. ಅವನ ಮೈ ಬಿಸಿಯಾಗಿ ಹಗುರಾಯಿತು. ಮಂಗೋರ್ ಹಿಲ್‌ನ ಗುಡಿಯ ಮೆಟ್ಟಿಲು, ಚಮಚ ಕೆಳಗಿಳಿಸಿದ ಗಂಗೀಬಾಯಿ, ತಲೆ ತಗ್ಗಿಸಿದ ಹೀರಪ್ಪ ಎಲ್ಲರೂ ಕಣ್ಣಮುಂದೆ ನಿಂತರು.

"ಹೌದ್ರಿ," ಅಂದ. "ಎರಡೂ ಕಡಿ ಅಳತಿ ಸಿಗಬೇಕಲ್ರಿ. ಸೈನ್ಸ್ ಅಂದಮ್ಯಾಲ ಅಷ್ಟೂ ವಿಚಾರ ಮಾಡದಿದ್ರ ಹ್ಯಾಂಗ?"

"ಅಯ್ಯ ಬಾಲಣ್ಣ!" ದುರ್ಗಾಬಾಯಿ ಪಿಪೆಟ್ಟನ್ನು ಮೇಜಿನ ಮೇಲಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಜಾ ಇತ್ತು. "ಏನ್ ಸುಳ್ಳೋ ನಿಂದು! 'ಅವ್ವಾ, ಸಾಲು ತುಂಬೇನಿ, ನನ್ನ ಮಗಳನ್ನ ಬಿಟ್ಟಬಿಡು' ಅಂತ ಅಳಾಕತ್ತಿದ್ದಿ. ನಾ ಇದs ಕಿವೀಲೆ ಕೇಳೇನಿ. ಹಾಕಿ ಆ ಪೆಟಗಿಗೆ ಕೈಮುಗದು, ಕಣ್ಣಿಗೆ ಒತ್ಕೊಂಡ್ಯಲ್ಲೋ! ಹಡಿಯಾಕ ಹೋದ ಮಗಳ ಸಲುವಾಗಿ ಮಾಡೀಯಪ್ಪ, ಪುಣ್ಯಾ ಬರ್ಲಿ. ನಾನೂ ಅದಕ್ಕs ಸುಮ್ಮನಿದ್ದೆ. ಆದ್ರ ಇವರ ಮುಂದ ಅಳತಿ ಅಂತಿಯಲ್ಲ!"

ಬಾಯಿಯವರಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಅವರೂ ಧಾರವಾಡದ ಕಡೆಯವರು, ಬಿತ್ತದ ಸಾಲಿನ ಮಾತು ಅವರ ಅಜ್ಜಿಯೂ ಹೇಳಿದ್ದಿರಬೇಕು. ಮೊದಲು ಅವರ ಭುಜ ಅಲುಗಿದವು. ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು, ನಗುತ್ತಲೇ ಸಾಹೇಬರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಸಾಹೇಬರು ಹೊಟ್ಟೆ ಹಿಡಿದುಕೊಂಡರು. ದುರ್ಗಾಬಾಯಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಯಾರ ನಗುವಿನಲ್ಲೂ ವಿಷವಿರಲಿಲ್ಲ. ಇದ್ದಿದ್ದರೆ ಅವನು ತಿರುಗಿ ಬೈಯುತ್ತಿದ್ದ. "ಹುಚ್ಚಪ್ಪಾ, ಇಷ್ಟಕ್ಕ ಯಾಕ ಸುಳ್ಳು?" ಬಾಯಿಯವರು ಕಣ್ಣೊರೆಸಿಕೊಂಡು ಅಕ್ಕರೆಯಿಂದ ಹೇಳಿದರು. "ಮೊದಲs ಹೇಳಿದ್ರ ನಾನs ತುಂಬಸ್ತಿದ್ದೆ. ಇನ್ನ ಮ್ಯಾಲ ಯಾವ ಗುಂಡೀನೂ ಖಾಲಿ ಬಿಡೋದs ಬ್ಯಾಡ, ಆತಲ್ಲ? ದುರ್ಗಾಬಾಯಿ, ನೀನೂ ಬಾ ನಾಳೆ." ಸಾಹೇಬರು ಅವನ ಹೆಗಲು ತಟ್ಟಿ, ಇದನ್ನು ಮುಂಬಯಿಯಲ್ಲಿ ಎಲ್ಲರಿಗೂ ಹೇಳಬೇಕು ಎಂದರು. ಅವನೂ ನಗಲು ನೋಡಿದ. ತುಟಿ ಒಂದು ಕಡೆ ಮಾತ್ರ ಎದ್ದಿತು.

ಕೆಲಸ ಉಳಿದಿತ್ತು. ದುರ್ಗಾಬಾಯಿಯ ಕೆಲಸವೂ ಉಳಿದಿತ್ತು, ಮಗಳೂ ಮೊಮ್ಮಗಳೂ ಚಲೋ ಇದ್ದರು, ಯಾರಿಗೂ ಸಿಟ್ಟಿರಲಿಲ್ಲ. ಬಾಲಪ್ಪ ಬಿಳಿ ಕೋಟನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿದ. ಒಳಗೆ ಸಾಹೇಬರು ಏನೋ ಹೇಳಿದರು, ಮತ್ತೊಂದು ಅಲೆ ನಗು ಎದ್ದಿತು. ತನ್ನನ್ನೇ ಕುರಿತು ಇರಬೇಕು, ಇಲ್ಲದಿರಲೂಬಹುದು. ಇನ್ನು ಎಲ್ಲ ನಗುವೂ ಹಾಗೆಯೇ ಕೇಳಿಸುತ್ತದೆ ಎಂದು ಅವನಿಗೆ ಥಟ್ಟನೆ ಹೊಳೆಯಿತು, ಲೆಕ್ಕದ ಉತ್ತರ ಹೊಳೆದ ಹಾಗೆ. ಮೊಗಸಾಲೆಯ ನೆಲ ಇನ್ನೂ ಒದ್ದೆಯಿತ್ತು. ಜಾರದ ಹಾಗೆ ಗೋಡೆ ಹಿಡಿದು ನಡೆದ. ಗೇಟಿನಲ್ಲಿ ಕಾವಲುಗಾರ ಸಿಕಂದರ ಸ್ಟೂಲಿನ ಮೇಲೆ ಕೂತು ರೇಡಿಯೋದ ಕಿವಿ ತಿರುವುತ್ತಿದ್ದ.

"ಚಾ ಕುಡ್ಯಾಕ ಹೊಂಟೀಯೇನ್ ಬಾಲಣ್ಣ? ಬರೂಮುಂದ ನನಗೂ ಒಂದ್ ಹೇಳಿ ಬಾ."

"ಹೂಂ," ಅಂದ ಬಾಲಪ್ಪ.

ಸಿಕಂದರನ ಚಹಾ ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ; ಬಿಳಿ ಕೋಟು ಮೊಳೆಯಲ್ಲೇ ತೂಗುತ್ತಿತ್ತು.